ಕಾಫಿಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸಿಸ್ಟಮ್ ಡೈನಾಮಿಕ್ಸ್ ಮಾದರಿ: ಬೆಲೆ ಸೊನ್ನೆಗಿಂತ ಕೆಳಗಿಳಿಯುತ್ತಿದೆ, ತಪ್ಪು ಎಲ್ಲಿದೆ?

ಪ್ರಶ್ನೆ: ಸಂಶೋಧನಾರ್ಥಿ

ಕೃಷಿ ಅರ್ಥಶಾಸ್ತ್ರದ ಸ್ನಾತಕೋತ್ತರ ಪ್ರಬಂಧಕ್ಕಾಗಿ ಕಾಫಿಯ ಅಂತರರಾಷ್ಟ್ರೀಯ ವ್ಯಾಪಾರದ ಮಾದರಿಯೊಂದನ್ನು ಸಿಸ್ಟಮ್ ಡೈನಾಮಿಕ್ಸ್ ವಿಧಾನದಲ್ಲಿ, ಅಂದರೆ ವ್ಯವಸ್ಥೆಯನ್ನು ಸಂಗ್ರಹ, ಹರಿವು ಮತ್ತು ವಿಳಂಬಗಳಾಗಿ ಬರೆದು ಕಂಪ್ಯೂಟರಿನಲ್ಲಿ ಓಡಿಸುವ ವಿಧಾನದಲ್ಲಿ, ಕಟ್ಟುತ್ತಿದ್ದೇನೆ. ಭಾರತದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ ಬೆಳೆಯುವ ಈ ಕಾಫಿಯಲ್ಲಿ ಹೆಚ್ಚಿನದು ಹೊರದೇಶಕ್ಕೆ ಹೋಗುವುದರಿಂದ, ನಮ್ಮ ತೋಟದ ಆದಾಯ ನಿರ್ಧಾರವಾಗುವುದು ಲಂಡನ್ ಮತ್ತು ನ್ಯೂಯಾರ್ಕ್ ಮಾರುಕಟ್ಟೆಗಳಲ್ಲಿ. ಕಾಫಿಯ ಎರಡು ಮುಖ್ಯ ಜಾತಿಗಳಾದ ಅರೆಬಿಕಾ, ರೊಬಸ್ಟಾಗಳಲ್ಲಿ ರೊಬಸ್ಟಾದ ಲಂಡನ್ ಬೆಲೆ 2001ರಲ್ಲಿ ಟನ್ನಿಗೆ 400 ಡಾಲರಿಗಿಂತ ಕೆಳಗಿತ್ತು. 2024ರಲ್ಲಿ ಅದು 5,000 ಡಾಲರ್ ದಾಟಿತು. ಇಂಥ ಏರಿಳಿತಕ್ಕೆ ಹಿಮ (ಗಿಡವನ್ನು ಸುಡುವಂಥ ಕೊರೆಯುವ ಚಳಿ), ಬರ ಮುಂತಾದ ಹೊರಗಿನ ಪೆಟ್ಟುಗಳಷ್ಟೇ ಕಾರಣವೋ, ವ್ಯಾಪಾರದ ಒಳರಚನೆಯೇ ಅದನ್ನು ಹುಟ್ಟಿಸುತ್ತದೆಯೋ ಎಂಬುದು ನನ್ನ ಮೂಲ ಪ್ರಶ್ನೆ.

ಸದ್ಯದ ಮಾದರಿ ಹೀಗಿದೆ. ಜಗತ್ತನ್ನೆಲ್ಲ ಒಂದೇ ಪ್ರದೇಶವೆಂದು ಎಣಿಸಿ, ತೋಟದ ವಿಸ್ತೀರ್ಣವನ್ನು ಒಂದು ಸಂಗ್ರಹವಾಗಿಯೂ ಗೋದಾಮಿನ ದಾಸ್ತಾನನ್ನು ಇನ್ನೊಂದು ಸಂಗ್ರಹವಾಗಿಯೂ ಇಟ್ಟಿದ್ದೇನೆ. ಬೆಲೆ ಏರಿದರೆ ನಾಲ್ಕು ವರ್ಷಗಳ ವಿಳಂಬದ ನಂತರ ವಿಸ್ತೀರ್ಣ ಹೆಚ್ಚುತ್ತದೆ, ಇಳಿದರೆ ಅಷ್ಟೇ ವಿಳಂಬದ ನಂತರ ಕುಗ್ಗುತ್ತದೆ. ಬೇಡಿಕೆ ಮತ್ತು ಪೂರೈಕೆಯ ನಡುವಿನ ಅಂತರವನ್ನು ಒಂದು ಸ್ಥಿರಾಂಕದಿಂದ ಗುಣಿಸಿ ಪ್ರತಿ ತಿಂಗಳ ಬೆಲೆಗೆ ಕೂಡಿಸುತ್ತೇನೆ. 1970ರಿಂದ ಓಡಿಸಿದಾಗ ಮಾದರಿ ಏರಿಳಿತವನ್ನೇನೋ ತೋರಿಸುತ್ತದೆ, ಆದರೆ ಪ್ರತಿ ಸುತ್ತಿನಲ್ಲೂ ಅಲೆ ದೊಡ್ಡದಾಗುತ್ತ ಹೋಗಿ 2003ರ ಹೊತ್ತಿಗೆ ಬೆಲೆ ಸೊನ್ನೆಗಿಂತ ಕೆಳಗಿಳಿಯುತ್ತದೆ.

ಇದರ ಜೊತೆಗೆ ಇನ್ನೆರಡು ತೊಡಕುಗಳಿವೆ. 1989ರವರೆಗೆ ಜಾರಿಯಲ್ಲಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾವನ್ನು, ಅಂದರೆ ಪ್ರತಿ ದೇಶ ಎಷ್ಟು ರಫ್ತು ಮಾಡಬಹುದೆಂಬ ಮಿತಿಯನ್ನು, ಮಾದರಿಯೊಳಗೆ ಹೇಗೆ ತರಬೇಕೆಂದು ತಿಳಿಯುತ್ತಿಲ್ಲ. ಭಾರತದ ಅಂಕಿಗಳಲ್ಲಿ ರಫ್ತು ಮತ್ತು ಒಳನಾಡಿನ ಬಳಕೆಯನ್ನು ಕೂಡಿದರೆ, ಕೆಲವು ವರ್ಷಗಳಲ್ಲಿ ಮೊತ್ತ ಉತ್ಪಾದನೆಯನ್ನೇ ಮೀರುತ್ತದೆ. ಅನುಭವವಿದ್ದವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಉತ್ತರ 1: ನೀರುಗಂಟಿ

ಬೆಲೆಯ ಸಮೀಕರಣದಿಂದಲೇ ಆರಂಭಿಸೋಣ, ಏಕೆಂದರೆ ನಿಮ್ಮ ತೊಂದರೆಯ ಅರ್ಧ ಭಾಗ ಅಲ್ಲಿದೆ. ಬೇಡಿಕೆ, ಪೂರೈಕೆ ಎರಡೂ ಹರಿವುಗಳು. ಮಾರುಕಟ್ಟೆಯಲ್ಲಿ ಕುಳಿತ ವ್ಯಾಪಾರಿ ಅವುಗಳ ಅಂತರವನ್ನು ನೇರವಾಗಿ ಕಾಣುವುದಿಲ್ಲ. ಅವನು ನೋಡುವುದು ದಾಸ್ತಾನನ್ನು. ಕೆರೆಗೆ ಎಷ್ಟು ನೀರು ಬರುತ್ತಿದೆ, ತೂಬಿನಿಂದ ಎಷ್ಟು ಹೋಗುತ್ತಿದೆ ಎಂದು ಅಳೆಯದೆಯೇ ನೀರಿನ ಮಟ್ಟವನ್ನು ನೋಡಿ ಈ ಸಲ ಎಷ್ಟು ಗದ್ದೆಗೆ ನೀರು ಸಾಕಾದೀತು ಎಂದು ಊರಿನವರು ಹೇಳುವಂತೆಯೇ ಇದು. ಆದ್ದರಿಂದ ದಾಸ್ತಾನನ್ನು ತಿಂಗಳ ಬಳಕೆಯಿಂದ ಭಾಗಿಸಿ ಎಷ್ಟು ತಿಂಗಳಿಗೆ ಸಾಕಾಗುತ್ತದೆ ಎಂಬ ಸಂಖ್ಯೆಯನ್ನು ಪಡೆಯಿರಿ. ವಾಡಿಕೆಯ ಪ್ರಮಾಣವನ್ನು ಈ ಸಂಖ್ಯೆಯಿಂದ ಭಾಗಿಸಿ, ಒಂದು ಸೂಕ್ಷ್ಮತೆಯ ಘಾತಕ್ಕೆ ಏರಿಸಿ, ವ್ಯಾಪಾರಿಗಳು ಸಹಜವೆಂದು ಎಣಿಸುವ ಬೆಲೆಯಿಂದ ಗುಣಿಸಿ. ವಾಡಿಕೆ 4 ತಿಂಗಳು, ಘಾತ 1.5 ಎಂದಿಟ್ಟುಕೊಂಡರೆ, ದಾಸ್ತಾನು 3 ತಿಂಗಳಿಗೆ ಇಳಿದಾಗ ಬೆಲೆ ಸುಮಾರು ಶೇ 54ರಷ್ಟು ಏರುತ್ತದೆ. 6 ತಿಂಗಳಿಗೆ ಏರಿದಾಗ ಸುಮಾರು ಶೇ 46ರಷ್ಟು ಇಳಿಯುತ್ತದೆ. ಗುಣಾಕಾರವಾದ್ದರಿಂದ ಬೆಲೆ ಎಷ್ಟೇ ಕುಸಿದರೂ ಸೊನ್ನೆಯನ್ನು ದಾಟಲಾರದು. ಸಹಜ ಬೆಲೆಯೂ ಸ್ಥಿರವಲ್ಲ, ಅದು ಕಳೆದ ಕೆಲವು ವರ್ಷಗಳ ಬೆಲೆಯನ್ನು ನಿಧಾನವಾಗಿ ಹಿಂಬಾಲಿಸುತ್ತದೆ. ಅದನ್ನೂ ಒಂದು ಸಂಗ್ರಹವಾಗಿಯೇ ಬರೆಯಿರಿ.

ಮುಂದಿನ ವಿಷಯ ನನ್ನ ದೃಷ್ಟಿಯಲ್ಲಿ ಇನ್ನೂ ಮುಖ್ಯವಾದದ್ದು. ಕಾಫಿ ಬಹುವಾರ್ಷಿಕ ಬೆಳೆ. ವಿಸ್ತೀರ್ಣ ಎಂಬ ಒಂದೇ ಸಂಗ್ರಹ ಈರುಳ್ಳಿಗೋ ಜೋಳಕ್ಕೋ ಸಾಕಾಗಬಹುದು, ಕಾಫಿಗೆ ಸಾಲದು. ನೆಟ್ಟು ಇನ್ನೂ ಫಲ ಕೊಡದ ಗಿಡ, ಹೊಸದಾಗಿ ಫಸಲಿಗೆ ಬಂದ ಗಿಡ, ತುಂಬು ಫಸಲಿನ ಗಿಡ, ಮುದಿ ಗಿಡ ಎಂದು ವಯಸ್ಸಿನ ಪ್ರಕಾರ ಕನಿಷ್ಠ ನಾಲ್ಕು ಸಂಗ್ರಹಗಳು ಬೇಕು. ಇಡೀ ಕಥೆ ಅಡಗಿರುವುದು ಇವುಗಳಲ್ಲಿ ಮೊದಲನೆಯದರಲ್ಲಿ, ಏಕೆಂದರೆ ಆ ಗಿಡಗಳಿಂದ ಮಾರುಕಟ್ಟೆಗೆ ಒಂದು ಕಾಳೂ ಬಂದಿರುವುದಿಲ್ಲ, ಬೆಲೆಯ ಮೇಲೆ ಅವುಗಳ ನೆರಳೂ ಬಿದ್ದಿರುವುದಿಲ್ಲ, ಆದರೆ ಮೂರು ನಾಲ್ಕು ವರ್ಷಗಳ ನಂತರ ಅವೆಲ್ಲ ಒಟ್ಟಿಗೆ ಫಸಲು ಕೊಡುವುದು ನಿಶ್ಚಿತ. ಬೆಲೆ ಚೆನ್ನಾಗಿದೆಯೆಂದು ಇವತ್ತು ನೆಡುವವನು, ತನ್ನಂತೆಯೇ ಹೋದ ವರ್ಷ ಮತ್ತು ಅದರ ಹಿಂದಿನ ವರ್ಷ ನೆಟ್ಟವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 1994ರ ಜೂನ್ ಮತ್ತು ಜುಲೈಗಳಲ್ಲಿ ಬ್ರೆಜಿಲ್‌ನಲ್ಲಿ ಎರಡು ಸಲ ಹಿಮ ಬಿದ್ದು ಬೆಲೆ ಜಿಗಿಯಿತು, 1997ರಲ್ಲಿ ಮತ್ತೊಮ್ಮೆ ಏರಿತು. ಆ ವರ್ಷಗಳಲ್ಲಿ ವಿಯೆಟ್ನಾಂನ ಮಧ್ಯ ಪ್ರಸ್ಥಭೂಮಿಯಲ್ಲಿ ನೆಟ್ಟ ರೊಬಸ್ಟಾ ಫಸಲಿಗೆ ಬಂದದ್ದು ಶತಮಾನದ ಕೊನೆಯಲ್ಲಿ. 1990ಕ್ಕೆ ಹೋಲಿಸಿದರೆ ಆ ದೇಶದ ಉತ್ಪಾದನೆ 2000ದ ಹೊತ್ತಿಗೆ ಸುಮಾರು ಹತ್ತು ಪಟ್ಟಾಗಿ, ಕೊಲಂಬಿಯಾವನ್ನು ಹಿಂದಿಕ್ಕಿತು. 2001ರ ಕುಸಿತದ ಬೀಜ ಬಿದ್ದದ್ದು 1994ರಲ್ಲಿ ಎಂದರೆ ತಪ್ಪಾಗದು. ಜೇ ಫಾರೆಸ್ಟರ್ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಸಿಸ್ಟಮ್ ಡೈನಾಮಿಕ್ಸ್ ವಿಧಾನವನ್ನು ಡೆನಿಸ್ ಮೆಡೋಸ್ 1970ರಲ್ಲೇ ಸರಕುಗಳ ಬೆಲೆ ಚಕ್ರಕ್ಕೆ ಅನ್ವಯಿಸಿದಾಗ ಎತ್ತಿ ತೋರಿಸಿದ್ದು ಮೂಲತಃ ಇಂಥ ವಿಳಂಬಗಳನ್ನೇ.

ಕೋಟಾದ ವಿಷಯಕ್ಕೆ ಬರುತ್ತೇನೆ. 1962ರ ಒಪ್ಪಂದದಿಂದ ಆರಂಭವಾದ ರಫ್ತು ಕೋಟಾ ವ್ಯವಸ್ಥೆ ನಡುನಡುವೆ ನಿಂತು, ಮತ್ತೆ ಜಾರಿಗೆ ಬಂದು, 1989ರ ಜುಲೈನಲ್ಲಿ ಕುಸಿಯಿತು. ಕೆಲವೇ ತಿಂಗಳಲ್ಲಿ ಬೆಲೆ ಸುಮಾರು ಅರ್ಧಕ್ಕೆ ಇಳಿಯಿತು. ಕೋಟಾ ಕುಸಿದದ್ದರಿಂದ ಜಗತ್ತಿನ ಒಟ್ಟು ದಾಸ್ತಾನಿಗೆ ಒಂದು ಚೀಲವೂ ಹೊಸದಾಗಿ ಸೇರಲಿಲ್ಲ ಎಂಬುದನ್ನು ಗಮನಿಸಿ. ಹಾಗಿದ್ದೂ ಬೆಲೆ ಬಿದ್ದದ್ದೇಕೆ? ಬೆಳೆಯುವ ದೇಶಗಳ ಗೋದಾಮುಗಳಲ್ಲಿ ಕೋಟಾ ತಡೆಹಿಡಿದಿದ್ದ ಕಾಫಿ, ಕುಡಿಯುವ ದೇಶಗಳ ಗೋದಾಮುಗಳಿಗೆ ಹರಿಯಿತು. ನಿಮ್ಮ ಮಾದರಿಯಲ್ಲಿ ದಾಸ್ತಾನು ಒಂದೇ ಇರುವವರೆಗೆ 1989ನ್ನು ತೋರಿಸುವುದು ಸಾಧ್ಯವೇ ಇಲ್ಲ. ಅದನ್ನು ಎರಡಾಗಿ ಒಡೆಯಿರಿ. ನಡುವಿನ ರಫ್ತಿನ ಹರಿವು, ಕೋಟಾ ಜಾರಿಯಲ್ಲಿರುವಾಗ ಲಭ್ಯ ಕಾಫಿ ಮತ್ತು ಕೋಟಾ ಇವೆರಡರಲ್ಲಿ ಕಡಿಮೆಯಾದದ್ದಕ್ಕೆ ಸಮವಾಗಿರಲಿ. ಬೆಲೆಯನ್ನು ನಿರ್ಧರಿಸುವುದು ಬಹುಮಟ್ಟಿಗೆ ಕುಡಿಯುವ ದೇಶಗಳ ದಾಸ್ತಾನು.

ಭಾರತದ ಪಾಲು ಜಗತ್ತಿನ ಉತ್ಪಾದನೆಯಲ್ಲಿ ಶೇ 3ರಿಂದ 4ರಷ್ಟು ಮಾತ್ರ. ಆದ್ದರಿಂದ ಬ್ರೆಜಿಲ್, ವಿಯೆಟ್ನಾಂ ಮತ್ತು ಉಳಿದ ದೇಶಗಳನ್ನು ಬೆಲೆ ಮತ್ತು ಪೂರೈಕೆ ಒಂದನ್ನೊಂದು ಬದಲಿಸುತ್ತ ಸಾಗುವ ಮುಖ್ಯ ಕುಣಿಕೆಯೊಳಗೆ ಇರಿಸಿ, ಭಾರತವನ್ನು ಆ ಬೆಲೆಯನ್ನು ಪಡೆದುಕೊಳ್ಳುವ ಪ್ರತ್ಯೇಕ ಶಾಖೆಯಾಗಿ ಕಟ್ಟಿರಿ. ಆ ಶಾಖೆಯೊಳಗೂ ಒಂದು ಬಿರುಕಿದೆ. 1990ರ ದಶಕದ ಆರಂಭದವರೆಗೆ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುವ ವ್ಯವಸ್ಥೆಗೆ, ಒಪ್ಪಿಸಬೇಕಿತ್ತು, ಹಣ ಕಂತುಗಳಲ್ಲಿ ಬರುತ್ತಿತ್ತು. 1992ರಿಂದ 1996ರ ನಡುವೆ ಹಂತಹಂತವಾಗಿ ಮುಕ್ತ ಮಾರಾಟಕ್ಕೆ ಅವಕಾಶವಾಯಿತು. ಅಲ್ಲಿಯವರೆಗೆ ಚಿಕ್ಕಮಗಳೂರಿನ ಬೆಳೆಗಾರ ಕಂಡದ್ದು ಲಂಡನ್ ಬೆಲೆಯನ್ನಲ್ಲ, ಅದರ ತಡವಾದ, ಮೊನಚು ಕಳೆದುಕೊಂಡ ಸರಾಸರಿಯನ್ನು. ಇದರ ಮೇಲೆ 1991ರ ರೂಪಾಯಿ ಅಪಮೌಲ್ಯವನ್ನೂ ಹೇರಿದರೆ, ಡಾಲರ್ ಬೆಲೆ ಬಿದ್ದ ವರ್ಷಗಳಲ್ಲಿ ಇಲ್ಲಿ ಅದರ ಪೆಟ್ಟು ಏಕೆ ಮೆತ್ತಗಾಯಿತು ಎಂಬುದು ತಿಳಿಯುತ್ತದೆ.

ಉತ್ತರ 2: ತೋಟದಿಂದ

ನಾನು ಮಾದರಿಗಳನ್ನು ಬಲ್ಲವನಲ್ಲ, ಸಕಲೇಶಪುರದ ಕಡೆ ಕಾಫಿ ಬೆಳೆಯುವವನು. ಬೆಲೆ ಇಳಿದರೆ ವಿಸ್ತೀರ್ಣ ಕುಗ್ಗುತ್ತದೆ ಎಂದು ಬರೆದಿದ್ದೀರಿ. ಆ ಒಂದು ವಾಕ್ಯದ ಬಗ್ಗೆ ನನ್ನ ತಕರಾರಿದೆ.

ಬೆಲೆ ಬಿದ್ದಾಗ ಯಾರೂ ಕಾಫಿ ಗಿಡವನ್ನು ಕಿತ್ತು ಹಾಕುವುದಿಲ್ಲ. ನೆಟ್ಟು ಬೆಳೆಸಲು ಪಟ್ಟ ಕಷ್ಟ ಗೊತ್ತಿರುವವನು, ಕೀಳುವ ಕೂಲಿಯನ್ನೂ ಕೊಟ್ಟು ಅದನ್ನು ಯಾಕೆ ಕೀಳುತ್ತಾನೆ? 2001ರ ಆಸುಪಾಸಿನ ವರ್ಷಗಳಲ್ಲಿ ನಾವು ಮಾಡಿದ್ದು ಬೇರೆ. ಮೊದಲು ಗೊಬ್ಬರ ನಿಲ್ಲಿಸಿದೆವು. ಮುಂದಿನ ವರ್ಷ ಮರಗಸಿ (ನೆರಳುಮರಗಳ ಕೊಂಬೆ ಕಡಿಯುವುದು) ನಿಲ್ಲಿಸಿದೆವು, ನೆರಳು ದಟ್ಟವಾಯಿತು. ಚಿಗುರು ತೆಗೆಯಲು ಆಳು ಕರೆಯಲಿಲ್ಲ. ತೋಟ ಅಲ್ಲೇ ಇತ್ತು, ಕಂದಾಯದ ಕಾಗದದಲ್ಲಿ ಒಂದು ಗುಂಟೆಯೂ ಕಡಿಮೆಯಾಗಲಿಲ್ಲ, ಫಸಲು ಮಾತ್ರ ಅರ್ಧಕ್ಕೆ ಬಂತು. ಬೆಲೆ ಚೇತರಿಸಿಕೊಂಡ ಮೇಲೆ ಗೊಬ್ಬರ ಹಾಕಿ, ನೆರಳು ತೆಗೆದು, ಗಿಡವನ್ನು ಮತ್ತೆ ಹದಕ್ಕೆ ತರಲು ಎರಡು ಮೂರು ವರ್ಷ ಬೇಕಾಯಿತು. ಹೊಸದಾಗಿ ನೆಡುವುದಕ್ಕಿಂತ ಇದು ಬೇಗ, ಆದರೆ ಬೆಲೆ ಏರಿದ ವರ್ಷವೇ ಫಸಲು ಸಿಗುವುದಿಲ್ಲ.

ಅರೆಬಿಕಾ ಗಿಡ ಕೀಳುವುದುಂಟು. ಅದಕ್ಕೆ ಕಾರಣ ಬೆಲೆಗಿಂತ ಹೆಚ್ಚಾಗಿ ಕಾಂಡಕೊರಕ. ಹುಳು ಹೊಕ್ಕ ಗಿಡವನ್ನು ಕಿತ್ತು ಸುಡಲೇಬೇಕು. ಹಾಗೆ ಖಾಲಿಯಾದ ಜಾಗಕ್ಕೆ ಅನೇಕರು ರೊಬಸ್ಟಾ ಹಾಕಿದರು. ದೇಶದ ಕಾಫಿಯಲ್ಲಿ ಇಂದು ರೊಬಸ್ಟಾ ಸುಮಾರು ಶೇ 70ರಷ್ಟು ಆಗಿರುವುದರಲ್ಲಿ ಇದರ ಪಾಲೂ ಇದೆ.

ಇನ್ನೊಂದು ಮಾತು. ನಮ್ಮ ತೋಟದಲ್ಲಿ ಸಿಲ್ವರ್ ಓಕ್ ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿರುತ್ತೇವೆ. ಕಾಫಿ ಬಿದ್ದ ವರ್ಷ ಮೆಣಸು ಮನೆ ನಡೆಸಿದ್ದುಂಟು, ಕಾಫಿ ಗಿಡಕ್ಕೆ ಗೊಬ್ಬರ ತಂದದ್ದೂ ಉಂಟು. ಕಾಫಿಯ ಬೆಲೆಯೊಂದನ್ನೇ ನೋಡಿ ಬೆಳೆಗಾರ ಏನು ಮಾಡುತ್ತಾನೆಂದು ಹೇಳಹೊರಟರೆ ಲೆಕ್ಕ ತಪ್ಪುತ್ತದೆ. ಮಾರ್ಚ್, ಏಪ್ರಿಲ್ ತಿಂಗಳ ಹೂಮಳೆ ಕೈಕೊಟ್ಟರೆ ಆ ವರ್ಷದ ಫಸಲು ಹೋಯಿತು; ಕೆರೆಯಲ್ಲಿ ನೀರಿದ್ದವರು ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾರಿಸಿ ಉಳಿಸಿಕೊಳ್ಳುತ್ತಾರೆ.

ಉತ್ತರ 3: ರಫ್ತು ವಿಭಾಗ

ಉತ್ಪಾದನೆಗಿಂತ ರಫ್ತು ಮತ್ತು ಬಳಕೆಯ ಮೊತ್ತ ಹೆಚ್ಚಾಗಿರುವುದಕ್ಕೆ ನಿಮ್ಮ ಅಂಕಿಗಳು ತಪ್ಪೆಂದು ಅರ್ಥವಲ್ಲ. ಭಾರತ ಹೊರಗಿನಿಂದ ಅಗ್ಗದ ರೊಬಸ್ಟಾ ತರಿಸಿ, ಇನ್‌ಸ್ಟಂಟ್ ಕಾಫಿ ಮಾಡಿ ಮತ್ತೆ ಹೊರಗೆ ಕಳುಹಿಸುತ್ತದೆ. ಸಾಮಾನ್ಯ ಆಮದು ಸುಂಕ ಶೇ 100ರಷ್ಟಿದ್ದರೂ, ರಫ್ತಿಗೆಂದೇ ತರುವ ಕಾಫಿಗೆ ಸುಂಕದ ವಿನಾಯಿತಿ ಇದೆ. ಈ ಮರುರಫ್ತನ್ನು ನಿಮ್ಮ ಭಾರತದ ಶಾಖೆಯಲ್ಲಿ ಬೇರೆ ಕಾಲುವೆಯಾಗಿಯೇ ಹರಿಸಬೇಕು. ಇನ್‌ಸ್ಟಂಟ್ ಕಾಫಿಯ ತೂಕವನ್ನು ಹಸಿರು ಬೀಜಕ್ಕೆ ಪರಿವರ್ತಿಸಲು 2.6ರಿಂದ ಗುಣಿಸುವುದು ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಕ್ರಮ; ಕೆಲವು ಪಟ್ಟಿಗಳಲ್ಲಿ ಇದನ್ನು ಮೊದಲೇ ಮಾಡಿರುತ್ತಾರೆ, ಕೆಲವುಗಳಲ್ಲಿ ಇಲ್ಲ.

ಅಳತೆಯ ಬಗ್ಗೆಯೂ ಎಚ್ಚರ ಬೇಕು. ಜಗತ್ತಿನ ಅಂಕಿಗಳು 60 ಕೆಜಿ ಚೀಲದಲ್ಲಿ, ನಮ್ಮ ಊರಿನ ಬೆಲೆ 50 ಕೆಜಿ ಚೀಲದಲ್ಲಿ. ಊರಿನ ಚೀಲದಲ್ಲಿರುವುದು ಒಣಗಿದ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣು. ಒಂದು ಚೀಲ ಚೆರ್ರಿಯಿಂದ ಎಷ್ಟು ಕೆಜಿ ಶುದ್ಧ ಬೀಜ ಬರುತ್ತದೆ ಎಂಬುದೇ ಔಟ್‌ಟರ್ನ್. ಅದು ಸಾಧಾರಣವಾಗಿ 25ರಿಂದ 28 ಇರುತ್ತದೆ. 2024ರಲ್ಲಿ ರೊಬಸ್ಟಾ ಚೆರ್ರಿ ಚೀಲಕ್ಕೆ 10,000 ರೂಪಾಯಿ ದಾಟಿತು ಎಂದರೆ ಶುದ್ಧ ಬೀಜಕ್ಕೆ ಕೆಜಿಗೆ 200 ರೂಪಾಯಿ ಎಂದು ಲೆಕ್ಕ ಹಾಕಬೇಡಿ, ಅದು ಹೆಚ್ಚು ಕಡಿಮೆ ಅದರ ದುಪ್ಪಟ್ಟು. ಕಾಫಿ ವರ್ಷ ಅಕ್ಟೋಬರಿನಿಂದ ಸೆಪ್ಟೆಂಬರ್, ಹಣಕಾಸು ವರ್ಷ ಏಪ್ರಿಲ್‌ನಿಂದ ಮಾರ್ಚ್. ಎರಡನ್ನೂ ಬೆರೆಸಿದರೆ ಇಲ್ಲದ ದಾಸ್ತಾನು ಹುಟ್ಟಿಕೊಳ್ಳುತ್ತದೆ.

ಸಾಧ್ಯವಾದರೆ ಹಡಗಿನಲ್ಲಿರುವ ಕಾಫಿಯನ್ನೂ ಒಂದು ಸಂಗ್ರಹವಾಗಿ ಸೇರಿಸಿ. 2023ರ ಕೊನೆಯಿಂದ ಕೆಂಪು ಸಮುದ್ರದ ದಾಳಿಗಳಿಂದಾಗಿ ಯುರೋಪಿಗೆ ಹೋಗುವ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾವನ್ನು ಬಳಸಿ ಹೋದವು. ವರ್ಷಕ್ಕೆ 2 ಲಕ್ಷ ಟನ್ ಸಾಗುವ ದಾರಿ 15 ದಿನ ಉದ್ದವಾದರೆ, ಸುಮಾರು 8,200 ಟನ್ ಹೆಚ್ಚುವರಿಯಾಗಿ ನೀರಿನ ಮೇಲೆಯೇ ಉಳಿಯುತ್ತದೆ. ಒಂದು ಕಾಳೂ ನಷ್ಟವಾಗಿರುವುದಿಲ್ಲ, ಆದರೂ ಇಟಲಿಯ ಬಂದರು ಟ್ರಿಯೆಸ್ಟೆಯ ಖರೀದಿದಾರನಿಗೆ ಆ ಕೆಲವು ವಾರ ಅಭಾವವೇ ಕಾಣುತ್ತದೆ.

ಉತ್ತರ 4: ಅಂಕಿಗ

ಸ್ವಲ್ಪ ಅಪಸ್ವರ ಎತ್ತುತ್ತೇನೆ. ಇಷ್ಟೊಂದು ಸಂಗ್ರಹ, ವಿಳಂಬ, ಘಾತಗಳನ್ನು ಕೈಯಲ್ಲಿಟ್ಟುಕೊಂಡರೆ ಯಾವ ರೇಖೆಯನ್ನು ಬೇಕಾದರೂ ಹೊಂದಿಸಿ ತೋರಿಸಬಹುದು. ಮುಂದಿನ ತಿಂಗಳ ಬೆಲೆಯನ್ನು ಅಂದಾಜಿಸುವುದೇ ಗುರಿಯಾದರೆ ಹಿಂದಿನ ಬೆಲೆಗಳ ಸಾಲಿನಿಂದಲೇ ಮುಂದಿನದನ್ನು ಅಂದಾಜಿಸುವ ಸಾಮಾನ್ಯ ಕಾಲಶ್ರೇಣಿ ವಿಧಾನ ಇದಕ್ಕಿಂತ ಕಡಿಮೆ ಶ್ರಮದಲ್ಲಿ ಹೆಚ್ಚು ನಿಖರವಾಗಿರುತ್ತದೆ. ಒಳರಚನೆಯೇ ಏರಿಳಿತವನ್ನು ಹುಟ್ಟಿಸುತ್ತದೆ ಎಂದು ವಾದಿಸುವುದಾದರೆ ಅದಕ್ಕೆ ತಕ್ಕ ಪರೀಕ್ಷೆ ಇರಲಿ. 1970ರಿಂದ 1993ರವರೆಗಿನ ಅಂಕಿಗಳಿಂದ ಮಾತ್ರ ಸ್ಥಿರಾಂಕಗಳನ್ನು ನಿರ್ಧರಿಸಿ, 1994ರ ಹಿಮವನ್ನು ಹೊರಗಿನಿಂದ ಕೊಟ್ಟು, ಬೇರೇನನ್ನೂ ಮುಟ್ಟದೆ 2005ರವರೆಗೆ ಓಡಿಸಿ. ಏಳೆಂಟು ವರ್ಷಗಳ ನಂತರದ ಕುಸಿತ ತಾನಾಗಿ ಮೂಡಿದರೆ ನಿಮ್ಮ ವಾದವನ್ನು ಒಪ್ಪುತ್ತೇನೆ. ಹಿಮವಿಲ್ಲದೆಯೂ ಒಮ್ಮೆ ಓಡಿಸಿ, ಆಗ ಅಲೆ ಉಳಿಯುತ್ತದೆಯೇ ಸಾಯುತ್ತದೆಯೇ ಎಂಬುದನ್ನೂ ವರದಿ ಮಾಡಬೇಕು.

ಉತ್ತರ 5: ನೀರುಗಂಟಿ

ಅಂಕಿಗರ ಪರೀಕ್ಷೆ ನ್ಯಾಯವಾದದ್ದು. ಒಂದು ತಿದ್ದುಪಡಿಯನ್ನಷ್ಟೇ ಸೂಚಿಸುತ್ತೇನೆ. ವಿಯೆಟ್ನಾಂನಲ್ಲಿ ನೆಡುವಿಕೆ ಬೆಲೆಯೊಂದರಿಂದಲೇ ಆದದ್ದಲ್ಲ. ಭೂಮಿ, ಸಾಲ, ವಲಸೆ ಇವುಗಳ ಬಗ್ಗೆ ಅಲ್ಲಿನ ಸರ್ಕಾರದ ನೀತಿಯೂ ಸೇರಿತ್ತು. ಅದನ್ನೂ ಹೊರಗಿನಿಂದ ಕೊಡಬೇಕಾಗುತ್ತದೆ, ಮತ್ತು ಹಾಗೆ ಕೊಟ್ಟದ್ದನ್ನು ಮುಚ್ಚಿಡದೆ ಪ್ರಬಂಧದಲ್ಲಿ ಬರೆಯಬೇಕು.

ತೋಟದವರು ಹೇಳಿದ್ದು ನನ್ನ ಮೊದಲ ಉತ್ತರದಲ್ಲಿ ಬಿಟ್ಟುಹೋಗಿದ್ದ ಭಾಗ, ನಿಮ್ಮ ಅಲೆ ದೊಡ್ಡದಾಗುತ್ತ ಹೋಗಲು ಕಾರಣವೂ ಅದೇ. ನೆಡುವಿಕೆ ಮತ್ತು ಕೀಳುವಿಕೆಯನ್ನು ಒಂದೇ ವಿಳಂಬದ ಎರಡು ಮುಖಗಳಾಗಿ ಬರೆದಿರುವುದರಿಂದ, ಬೆಲೆ ಬಿದ್ದಾಗ ನಿಮ್ಮ ಮಾದರಿ ತೋಟವನ್ನೇ ಅಳಿಸಿಹಾಕುತ್ತದೆ, ಮುಂದಿನ ಏರಿಕೆಯಲ್ಲಿ ಅದನ್ನೆಲ್ಲ ಮೊದಲಿನಿಂದ ಕಟ್ಟುತ್ತದೆ. ಗಿಡದ ಹದ ಎಂಬ ಹೊಸ ಸಂಗ್ರಹವೊಂದನ್ನು ಸೊನ್ನೆಯಿಂದ ಒಂದರವರೆಗಿನ ಅಳತೆಯಲ್ಲಿ ಇಡಿ. ಆರೈಕೆ ನಿಂತರೆ ಅದು ಒಂದೆರಡು ವರ್ಷಗಳಲ್ಲಿ ಕುಸಿಯಲಿ, ಮರಳಿ ಬಂದರೆ ಎರಡು ಮೂರು ವರ್ಷಗಳಲ್ಲಿ ಏರಲಿ, ಇಳುವರಿ ಅದನ್ನು ಅನುಸರಿಸಲಿ. ಆರೈಕೆಯನ್ನು ನಿರ್ಧರಿಸುವುದು ಕಾಫಿಯ ಬೆಲೆಯಲ್ಲ, ಕಾಫಿ ಮತ್ತು ಮೆಣಸು ಸೇರಿದ ತೋಟದ ಒಟ್ಟು ಆದಾಯ. ಗಿಡಗಳ ಸಂಖ್ಯೆ ವಯಸ್ಸಿನಿಂದಲೂ ರೋಗದಿಂದಲೂ ಮಾತ್ರ ನಿಧಾನವಾಗಿ ಇಳಿಯಬೇಕು, ಆ ಹೊರಹರಿವು ಯಾವಾಗಲೂ ಇರುವ ಗಿಡಗಳ ಒಂದು ಪಾಲಾಗಿರಬೇಕು; ಆಗ ಸಂಗ್ರಹ ಸೊನ್ನೆಗಿಂತ ಕೆಳಗೆ ಹೋಗುವ ಪ್ರಶ್ನೆಯೇ ಏಳದು. ಲೆಕ್ಕದ ಕಾಲಹೆಜ್ಜೆ (ಮಾದರಿ ಒಂದು ಸಲಕ್ಕೆ ಮುಂದೆ ಸರಿಯುವ ಅವಧಿ) ಅತಿ ಚಿಕ್ಕ ವಿಳಂಬದ ನಾಲ್ಕನೇ ಒಂದಕ್ಕಿಂತ ಹೆಚ್ಚಿರದಂತೆಯೂ ನೋಡಿಕೊಳ್ಳಿ.

ಮರುಪ್ರಶ್ನೆ: ಸಂಶೋಧನಾರ್ಥಿ

ಎಲ್ಲರಿಗೂ ಕೃತಜ್ಞತೆಗಳು. ದಾಸ್ತಾನನ್ನು ಎರಡಾಗಿ ಒಡೆದು, ವಯಸ್ಸಿನ ಸಂಗ್ರಹಗಳನ್ನೂ ಗಿಡದ ಹದವನ್ನೂ ಸೇರಿಸಿದ್ದೇನೆ. ಬೆಲೆ ಈಗ ಸೊನ್ನೆಗಿಂತ ಮೇಲೆಯೇ ಇರುತ್ತದೆ. 1989ರಲ್ಲಿ ಕೋಟಾ ತೆಗೆದ ಕೂಡಲೇ ಬೆಲೆ ಬೀಳುತ್ತದೆ, ನಿಜವಾಗಿ ಬಿದ್ದಷ್ಟು ಅಲ್ಲದಿದ್ದರೂ.

ಎರಡು ಸಂಗತಿಗಳು ಉಳಿದಿವೆ. 2025ರ ಆಗಸ್ಟ್‌ನಲ್ಲಿ ಅಮೆರಿಕ ಬ್ರೆಜಿಲ್ ಕಾಫಿಯ ಮೇಲೆ ಶೇ 50ರ ಸುಂಕ ಹಾಕಿ ನವೆಂಬರಿನಲ್ಲಿ ಹಿಂತೆಗೆದುಕೊಂಡದ್ದನ್ನು ಈ ಮಾದರಿಯಲ್ಲಿ ತೋರಿಸಬಹುದೇ? ಇನ್ನೊಂದು, 1975ರ ಜುಲೈ ಹಿಮದ ನಂತರ ನಿಜವಾದ ಬೆಲೆ ತುತ್ತತುದಿ ಮುಟ್ಟಿದ್ದು 1977ರಲ್ಲಿ, ನನ್ನ ಮಾದರಿಯಲ್ಲಿ ಅದು 1976ರ ಆರಂಭದಲ್ಲೇ ಬಂದುಬಿಡುತ್ತದೆ. ಘಾತವನ್ನು ಎಷ್ಟು ಬದಲಿಸಿದರೂ ತುದಿಯ ಎತ್ತರ ಬದಲಾಗುತ್ತದೆಯೇ ಹೊರತು ಕಾಲ ಸರಿಯುವುದಿಲ್ಲ.

ಉತ್ತರ 6: ನೀರುಗಂಟಿ

ಸುಂಕವನ್ನು ತೋರಿಸಲಾಗದು. ಎಲ್ಲ ದೇಶಗಳ ಕಾಫಿಯೂ ಒಂದೇ ಕೊಳಕ್ಕೆ ಬಿದ್ದು ಅಲ್ಲಿಂದ ಹೊರಡುವ ಮಾದರಿಯಲ್ಲಿ, ಯಾರು ಯಾರಿಗೆ ಮಾರಿದರು ಎಂಬ ಪ್ರಶ್ನೆಗೆ ಜಾಗವೇ ಇಲ್ಲ. ಅದಕ್ಕೆ ಕೊಳ್ಳುವ ಪ್ರತಿ ಪ್ರದೇಶಕ್ಕೂ ಸ್ವಂತ ದಾಸ್ತಾನು ಬೇಕು, ಸುಂಕ ಮತ್ತು ಸಾಗಣೆ ಸೇರಿದ ಬೆಲೆಯನ್ನು ಹೋಲಿಸಿ ಖರೀದಿಯನ್ನು ಹಂಚುವ ಸೂತ್ರ ಬೇಕು. ಮೂರು ತಿಂಗಳ ಆ ಸುಂಕದಿಂದ ಗಿಡಗಳ ಸಂಖ್ಯೆ ಬದಲಾಗಲಿಲ್ಲ. ಬದಲಾದದ್ದು ಹಡಗುಗಳ ದಿಕ್ಕು ಮತ್ತು ಅಮೆರಿಕದ ಗೋದಾಮಿನ ಮಟ್ಟ. ನಿಮ್ಮ ಪ್ರಬಂಧದ ಪ್ರಶ್ನೆ ದಶಕಗಳದ್ದಾದ್ದರಿಂದ ಇದನ್ನು ಬಿಟ್ಟರೆ ನಷ್ಟವಿಲ್ಲ.

1975ರ ವಿಷಯದಲ್ಲಿ ತಪ್ಪು ಇರುವುದು ಘಾತದಲ್ಲಲ್ಲ. ಹಿಮದ ಪೆಟ್ಟನ್ನು ನೀವು ಆ ವರ್ಷದ ಕೊಯ್ಲಿನ ಹರಿವಿನ ಮೇಲೆ ಹಾಕಿರಬೇಕು. ಬ್ರೆಜಿಲ್‌ನಲ್ಲಿ ಕೊಯ್ಲು ಸುಮಾರು ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ನಡೆಯುತ್ತದೆ. 1975ರ ಜುಲೈ 17, 18ರಂದು ಅಲ್ಲಿನ ಪರಾನಾ ರಾಜ್ಯದಲ್ಲಿ ಹಿಮ ಕವಿದಾಗ ಆ ವರ್ಷದ ಫಸಲು ಬಹುಪಾಲು ಕೈಗೆ ಬಂದಿತ್ತು. ಸುಟ್ಟುಹೋದದ್ದು ಗಿಡಗಳು, ಅಂದರೆ 1976ರ ಫಸಲು, ಅದು ಹಿಂದಿನ ಮಟ್ಟದ ಅರ್ಧಕ್ಕೂ ಕೆಳಗಿಳಿಯಿತು. ಅಲ್ಲಿಯವರೆಗೆ ಜಗತ್ತು ಹಳೆಯ ದಾಸ್ತಾನನ್ನು ಕುಡಿಯಿತು, ಅದು ತಳ ಕಂಡ ಮೇಲೆಯೇ ಬೆಲೆ ಪೌಂಡಿಗೆ 3 ಡಾಲರ್ ದಾಟಿತು. ಪೆಟ್ಟನ್ನು ಕೊಯ್ಲಿನಿಂದ ತೆಗೆದು ತುಂಬು ಫಸಲಿನ ಗಿಡಗಳ ಸಂಗ್ರಹದ ಮೇಲೆ ಹಾಕಿ. ಸತ್ತ ಗಿಡಗಳ ಒಂದು ಪಾಲು ಹೊರಹೋಗಲಿ, ಬುಡದಿಂದ ಮತ್ತೆ ಚಿಗುರುವ ಪಾಲು ಎಳೆಗಿಡಗಳ ಸಂಗ್ರಹಕ್ಕೆ ಮರಳಲಿ. ಇಂಥ ಹಠಾತ್ ಪೆಟ್ಟು ಇರುವಾಗ ಸಮೀಕರಣಗಳನ್ನು ಹೆಜ್ಜೆಹೆಜ್ಜೆಯಾಗಿ ಬಿಡಿಸುವ ಲೆಕ್ಕದ ವಿಧಾನಗಳಲ್ಲಿ ರುಂಗೆ ಕುಟ್ಟಾದ ಬದಲು ಆಯ್ಲರ್ ವಿಧಾನದಲ್ಲಿ ಓಡಿಸಿ, ಇಲ್ಲವಾದರೆ ಪೆಟ್ಟಿನ ಗಾತ್ರವೇ ಬದಲಾಗಿ ಕಾಣಿಸಬಹುದು.